ಡೇರೆಯ ಕುಡಿ ಚಿವುಟಲು ಹಿಂಜರಿಯುವ ಕೈ

ಆಷಾಢದ ಗಾಳಿ ಎದ್ದ ಮೇಲೆ ಮಡಿಕೇರಿಯ ಆಸುಪಾಸಿನಲ್ಲಿ ಯಾವ ಮನೆಯ ಅಂಗಳಕ್ಕೆ ಹೋದರೂ ಒಂದಾದರೂ ಡೇರೆ (ಡೇಲಿಯಾ) ಗಿಡ ನೆಲ ಹಿಡಿದು ಮಲಗಿರುತ್ತದೆ. ಎದೆಮಟ್ಟಕ್ಕೆ ಬೆಳೆದ ಒಂಟಿ ದಂಟು, ಅದರ ತುದಿಯಲ್ಲಿ ಎರಡು ಅಂಗೈ ಅಗಲದ ಹೂ. ಎಸಳುಗಳ ನಡುವೆಲ್ಲ ಮಳೆನೀರು ತುಂಬಿ ಆ ಹೂ ಕಲ್ಲಿನಷ್ಟು ಭಾರವಾಗಿದೆ. ದಂಟು ಬುಡದಿಂದ ಒಂದು ಗೇಣು ಮೇಲೆ, ಗೆಣ್ಣಿನ ಹತ್ತಿರವೇ ಮುರಿದಿದೆ. ಕೋಲು ಕಟ್ಟಿಲ್ಲವೇ ಅಂದರೆ ಕಟ್ಟಿದ್ದಾರೆ. ಒಂದೇ ಕಡೆ ಬಿಗಿದ ಆ ಕಟ್ಟಿನ ಬಳಿಯೇ ದಂಟು ಬಗ್ಗಿ ತುಂಡಾಗಿದೆ. ಮನೆಯವರು ಮಳೆಯನ್ನೂ ಗಾಳಿಯನ್ನೂ ಬೈದುಕೊಂಡು ಹೂವನ್ನಷ್ಟೇ ಕೊಯ್ದು ಒಳಗೆ ತರುತ್ತಾರೆ. ಆ ಗಿಡ ಮುರಿಯುವುದು ಮೇ ಕೊನೆಯಲ್ಲೇ, ಅದರ ಕುಡಿಯನ್ನು ಚಿವುಟದೆ ಬಿಟ್ಟ ದಿನವೇ ತೀರ್ಮಾನವಾಗಿತ್ತು.

ನನ್ನನ್ನು ಬಹಳ ದಿನಗಳಿಂದ ಕಾಡುವ ವಿಷಯ ಇದು. ಈ ಜಿಲ್ಲೆಯಲ್ಲಿ ಗಿಡಕ್ಕೆ ಕತ್ತರಿ ಹಾಕುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಾಫಿ ಕೊಯ್ಲು ಮುಗಿದರೆ ಕಪಾತು, ಅಂದರೆ ರೆಂಬೆ ಸವರುವುದು, ಮಳೆ ಶುರುವಾದರೆ ಬೇಡದ ಚಿಗುರು ತೆಗೆಯುವುದು, ಮಳೆಗೆ ಮುಂಚೆ ನೆರಳಿನ ಮರಗಳ ರೆಂಬೆ ಇಳಿಸುವುದು. ಯಾವ ಚಿಗುರು ಬುಡದ ಸಾರ ಎಳೆಯುತ್ತದೆ, ಯಾವ ರೆಂಬೆ ಮುಂದಿನ ವರ್ಷ ಹಣ್ಣು ಕೊಡುತ್ತದೆ ಎನ್ನುವುದು ತೋಟದಲ್ಲಿ ದುಡಿಯುವವರ ಬೆರಳಿಗೇ ಗೊತ್ತು. ಅದೇ ಬೆರಳು ಅಂಗಳದ ಡೇರೆಯ ಮುಂದೆ ಹಿಂಜರಿಯುತ್ತದೆ. "ಮೊಗ್ಗು ಕಾಣ್ತಾ ಇದೆ ಅಕ್ಕ, ಇದೊಂದನ್ನ ಬಿಟ್ಟುಬಿಡಿ" ಎನ್ನುವ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ನೆರೆಮನೆಯಿಂದ ಕೇಳಿ ತಂದ ಗೆಡ್ಡೆ, ಬಸವನಹುಳುವಿನ ಬಾಯಿಂದ ಉಳಿಸಿಕೊಂಡ ಮೊಳಕೆ, ಅದರ ಮೊದಲ ಮೊಗ್ಗು. ಅದನ್ನು ಚಿವುಟಲು ಮನಸ್ಸು ಬಾರದಿರುವುದು ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೂ ಆ ಒಂದು ಮೊಗ್ಗಿನ ಮೇಲಿನ ಆಸೆಗೆ ಇಡೀ ಮಳೆಗಾಲದ ಹೂಗಳನ್ನು ತೆರುತ್ತೇವೆ.

ಡೇರೆ ಮಳೆಗೆ ಹೆದರುವ ಗಿಡವಲ್ಲ. ಅದರ ತವರು ಮೆಕ್ಸಿಕೋದ ಬೆಟ್ಟಗಳು. ಅಲ್ಲಿಯೂ ಬೇಸಿಗೆಯ ತಿಂಗಳುಗಳಲ್ಲಿ ಮಳೆ, ಚಳಿಗಾಲದಲ್ಲಿ ಒಣಹವೆ. ಆ ಒಣ ತಿಂಗಳುಗಳನ್ನು ದಾಟಲಿಕ್ಕೆಂದೇ ಅದು ನೆಲದೊಳಗೆ ಗೆಡ್ಡೆ ಕಟ್ಟುತ್ತದೆ. ಮ್ಯಾಡ್ರಿಡ್‌ಗೆ ಬಂದ ಗಿಡಗಳನ್ನು ನೋಡಿ 1791ರಲ್ಲಿ ಕವನಿಲ್ಲೆಸ್ ಎಂಬ ಸಸ್ಯಶಾಸ್ತ್ರಜ್ಞ ಸ್ವೀಡನ್ನಿನ ಆಂಡರ್ಸ್ ಡಾಲ್‌ನ ನೆನಪಿಗೆ ಡೇಲಿಯಾ ಎಂದು ಹೆಸರಿಟ್ಟ. ಮೆಕ್ಸಿಕೋ 1963ರಲ್ಲಿ ಅದನ್ನು ತನ್ನ ರಾಷ್ಟ್ರಪುಷ್ಪ ಮಾಡಿಕೊಂಡಿತು. ಬೆಟ್ಟ, ಮಳೆ, ಮಂಜು, ಆಮೇಲೆ ಒಣಹವೆ ಎಂಬ ಕೊಡಗಿನ ವರುಷದ ಓಟ ಅದಕ್ಕೆ ಹೊಸದೇನಲ್ಲ. ಅದು ತಾಳಲಾರದ್ದು ಬುಡದಲ್ಲಿ ನಿಂತ ನೀರನ್ನು ಮತ್ತು ತಲೆಭಾರವಾದ ಮೈಗೆ ಬಡಿಯುವ ಗಾಳಿಯನ್ನು. ನೀರಿಗೆ ಏರುಮಡಿ ಮಾಡಿಕೊಡುತ್ತೇವೆ. ತಲೆಭಾರಕ್ಕೆ ಕತ್ತರಿಯೊಂದೇ ದಾರಿ.

ಮೂರನೆಯ ಜೋಡಿ ಎಲೆ

ಡೇರೆಯ ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಬರುತ್ತವೆ. ಪ್ರತಿ ಎಲೆಯ ಕಂಕುಳಲ್ಲೂ ಒಂದು ಕಣ್ಣು ಮಲಗಿರುತ್ತದೆ. ತುದಿಯ ಕುಡಿ ಬೆಳೆಯುತ್ತಿರುವಷ್ಟು ದಿನ ಅಲ್ಲಿ ತಯಾರಾಗುವ ಆಕ್ಸಿನ್ ಎಂಬ ಚೋದಕ ಕೆಳಗಿಳಿದು ಆ ಕಣ್ಣುಗಳನ್ನು ಏಳಗೊಡುವುದಿಲ್ಲ. ಕುಡಿ ಹೋದರೆ ತಡೆ ಹೋಗುತ್ತದೆ. ವಾರ ಹತ್ತು ದಿನದಲ್ಲಿ ಒಂದೊಂದು ಕಂಕುಳಿಂದಲೂ ಟಿಸಿಲು ಹೊರಡುತ್ತದೆ. ಮೂರು ಜೋಡಿ ಎಲೆ ಉಳಿಸಿ ಚಿವುಟಿದರೆ ಆರು ಟಿಸಿಲು, ನಾಲ್ಕು ಜೋಡಿ ಉಳಿಸಿದರೆ ಎಂಟು. ಗಿಡ ಗಿಡ್ಡವಾಗಿ, ಬುಡ ಅಗಲವಾಗಿ, ಭಾರ ಹಂಚಿಕೊಂಡು ನಿಲ್ಲುತ್ತದೆ.

ಚಿವುಟುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಬುಡದಿಂದ ಎಲೆಜೋಡಿ ಎಣಿಸುತ್ತ ಬನ್ನಿ. ಮೂರನೆಯ ಜೋಡಿಯ ಮೇಲೆ, ಇನ್ನೂ ಬಿಚ್ಚಿಕೊಳ್ಳದ ಎರಡು ಪುಟ್ಟ ಎಲೆಗಳು ಅಂಗೈ ಜೋಡಿಸಿದಂತೆ ಮುಚ್ಚಿಕೊಂಡಿರುತ್ತವೆ. ಅವುಗಳ ನಡುವೆ ಹೆಬ್ಬೆರಳ ಉಗುರಿಗಿಂತ ಚಿಕ್ಕದಾದ ಕುಡಿ. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಪಕ್ಕಕ್ಕೆ ಬಾಗಿಸಿದರೆ ಸಣ್ಣ ಸದ್ದಿನೊಂದಿಗೆ ಮುರಿದು ಬರುತ್ತದೆ. ಎಳೆಯಬಾರದು, ಎಳೆದರೆ ಕೆಳಗಿನ ಕಣ್ಣೂ ಸಿಗಿದು ಬರುತ್ತದೆ. ಇಷ್ಟು ಚಿಕ್ಕದಿರುವಾಗ ತೆಗೆದರೆ ಗಾಯ ಅಂದೇ ಒಣಗುತ್ತದೆ, ಗಿಡಕ್ಕೆ ಏನೂ ಆದಂತೆ ಇರುವುದಿಲ್ಲ. ಹಿಂಜರಿದು ಹದಿನೈದು ದಿನ ತಡಮಾಡಿದರೆ ಅದೇ ಜಾಗದಲ್ಲಿ ಬೆರಳು ದಪ್ಪದ ಟೊಳ್ಳು ದಂಟು ಇರುತ್ತದೆ. ಆಗ ರೆಂಬೆ ಕತ್ತರಿಸುವ ಸಿಕೇಚರ್ ಬೇಕು, ಗಾಯವೂ ದೊಡ್ಡದು, ಗಿಡ ಅಷ್ಟು ದಿನ ಕೂಡಿಟ್ಟದ್ದೂ ದಂಡ.

ಹೊರದೇಶದ ವಿಡಿಯೊಗಳಲ್ಲಿ ಗಿಡ ಒಂದೂವರೆ ಅಡಿ ಆಗುವವರೆಗೆ ಕಾಯಿರಿ ಎನ್ನುತ್ತಾರೆ. ಅದು ಅವರ ಹಗಲಿನ ಲೆಕ್ಕ. ಬೇಸಿಗೆಯಲ್ಲಿ ಅಲ್ಲಿ ಹದಿನಾರು ಗಂಟೆ ಬೆಳಕಿರುವ ಊರುಗಳಿವೆ. ಹಗಲು ಉದ್ದವಿರುವಾಗ ಡೇರೆ ಎಲೆ ಬೆಳೆಸುತ್ತದೆ, 12ರಿಂದ 14 ಗಂಟೆಗೆ ಇಳಿದಾಗ ಬೇಗ ಮೊಗ್ಗಿಗೆ ತಿರುಗುತ್ತದೆ. ಕೊಡಗು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ನಮ್ಮ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿನ ಗಿಡ ಮೊಣಕಾಲೆತ್ತರ ಆಗುವ ಮೊದಲೇ ಮೊಗ್ಗು ತೋರಿಸುವುದುಂಟು. ಅಡಿಕೋಲು ನೋಡುತ್ತ ಕೂತರೆ ಹೊತ್ತು ಮೀರುತ್ತದೆ. ಎತ್ತರ ಬಿಟ್ಟು ಎಲೆಜೋಡಿ ಎಣಿಸುವುದೇ ಸರಿ.

ಚಿವುಟಿದ ಕುಡಿಯನ್ನೂ ಎಸೆಯಬೇಕಾಗಿಲ್ಲ. ಎರಡು ಜೋಡಿ ಎಲೆಯೊಂದಿಗೆ ಮೂರು ಅಂಗುಲ ಉದ್ದ ಬಂದಿದ್ದು, ದಂಟಿನ ಒಳಗೆ ಇನ್ನೂ ಟೊಳ್ಳಾಗಿಲ್ಲದಿದ್ದರೆ, ಗೆಣ್ಣಿನ ಕೆಳಗೆ ನೇರವಾಗಿ ಕತ್ತರಿಸಿ ಒದ್ದೆ ಮರಳಿನಲ್ಲಿ ಊರಿ ಜಗಲಿಯ ಮೇಲಿಡಿ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಮಳೆ ನೇರವಾಗಿ ಬೀಳುವ ಕಡೆ ಇಟ್ಟರೆ ಕೊಳೆಯುತ್ತದೆ. ಗೆಡ್ಡೆಯಿಂದ ಒಮ್ಮೆಗೇ ಐದಾರು ಮೊಳಕೆ ಎದ್ದಿದ್ದರೂ ಹೀಗೇ. ದೊಡ್ಡ ಹೂವಿನ ಜಾತಿಗೆ ಗಟ್ಟಿಯಾದ ಒಂದೋ ಎರಡೋ ಮೊಳಕೆ ಸಾಕು, ಉಳಿದವು ಮೂರು ನಾಲ್ಕು ಅಂಗುಲ ಆದಾಗ ಬುಡದಿಂದ ಬಿಡಿಸಿ ಮರಳಿಗೆ ಹಾಕಬಹುದು.

ಎಷ್ಟು ಟಿಸಿಲು ಉಳಿಸಬೇಕು ಎನ್ನುವುದು ಹೂವಿನ ಗಾತ್ರದ ಮೇಲೆ ಹೋಗುತ್ತದೆ. ಹತ್ತು ಅಂಗುಲ ದಾಟುವ ರಾಕ್ಷಸ ಹೂಗಳ ಜಾತಿಗೆ ಮೂರರಿಂದ ಐದು, ನಾಲ್ಕರಿಂದ ಆರು ಅಂಗುಲದ ಹೂವಿಗೆ ಆರರಿಂದ ಎಂಟು. ಎರಡು ಅಂಗುಲದ ಒಳಗಿನ ಪಾಂಪನ್ ಜಾತಿಗೆ ಎಣಿಕೆಯೇ ಬೇಡ, ಎಲ್ಲವನ್ನೂ ಬಿಡಿ. ತೆಗೆಯುವುದಾದರೆ ಮೊದಲು ಬುಡದ ಜೋಡಿಯದ್ದನ್ನು ತೆಗೆಯಿರಿ. ಅವು ಮುಂದೆ ಕೆಸರಿಗೆ ತಾಗಿ, ಸಿಂಬಳದ ಹುಳುವಿಗೆ ಮೇಲೇರಲು ಮೆಟ್ಟಿಲಾಗುತ್ತವೆ. ಒಂದೇ ಗೆಣ್ಣಿನ ಎರಡೂ ಕಡೆಯಿಂದ ದಪ್ಪ ಟಿಸಿಲು ಎದ್ದರೆ ಆ ಕವಲು ಗಾಳಿಗೆ ನಡುವೆ ಸೀಳುವುದುಂಟು. ದೊಡ್ಡ ಹೂವಿನ ಗಿಡದಲ್ಲಿ ಗೆಣ್ಣಿಗೊಂದರಂತೆ, ಒಂದು ಎಡ ಒಂದು ಬಲ ಎಂದು ಉಳಿಸಿಕೊಳ್ಳುವುದು ಘಟ್ಟದ ಗಾಳಿಗೆ ಒಳ್ಳೆಯದು.

ಟೊಳ್ಳು ದಂಟಿನೊಳಗಿನ ನೀರು

ಕೊಡಗಿನಲ್ಲಿ ಡೇರೆಗೆ ಕತ್ತರಿ ಹಾಕುವಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಬಲಿತ ಡೇರೆ ದಂಟು ಗೆಣ್ಣಿನಿಂದ ಗೆಣ್ಣಿನವರೆಗೆ ಟೊಳ್ಳು. ಎರಡು ಗೆಣ್ಣುಗಳ ನಡುವೆ ಎಲ್ಲಿ ಕತ್ತರಿಸಿದರೂ ಮೇಲ್ಮುಖವಾಗಿ ಬಾಯಿ ತೆರೆದ ಒಂದು ನಳಿಗೆ ಉಳಿಯುತ್ತದೆ. ಒಂದು ರಾತ್ರಿಯ ಮಳೆಗೆ ಅದು ತುಂಬುತ್ತದೆ. ಮರುದಿನ ಬಗ್ಗಿ ನೋಡಿದರೆ ಒಳಗೆ ನೀರು ಹೊಳೆಯುತ್ತಿರುತ್ತದೆ. ವಾರ ಕಳೆದರೆ ಅದೇ ನೀರು ಕಂದು ಬಣ್ಣಕ್ಕೆ ತಿರುಗಿ, ನಳಿಗೆಯ ಗೋಡೆ ಮೆತ್ತಗಾಗಿ, ಕೊಳೆ ಗೆಣ್ಣಿನಿಂದ ಗೆಣ್ಣಿಗೆ ಇಳಿಯುತ್ತ ಬುಡ ಮುಟ್ಟುತ್ತದೆ. ಗೆಡ್ಡೆಯ ತಲೆ, ಅಂದರೆ ಮುಂದಿನ ವರ್ಷದ ಕಣ್ಣುಗಳಿರುವ ಜಾಗ, ದಂಟಿನ ಬುಡದಲ್ಲೇ ಇರುವುದು. ಅಲ್ಲಿಗೆ ಕೊಳೆ ಇಳಿದರೆ ಕೆಳಗೆ ಎಷ್ಟೇ ದಪ್ಪ ಗೆಡ್ಡೆ ಇದ್ದರೂ ಅದು ಮೊಳೆಯುವುದಿಲ್ಲ. "ಗೆಡ್ಡೆ ಚೆನ್ನಾಗೇ ಇತ್ತು, ಯಾಕೋ ಈ ವರ್ಷ ಏಳಲಿಲ್ಲ" ಎನ್ನುವ ಎಷ್ಟೋ ದೂರಿನ ಹಿಂದೆ ಇಂಥ ಒಂದು ನಳಿಗೆ ಇರುತ್ತದೆ.

ಆದ್ದರಿಂದ ಕತ್ತರಿ ಬೀಳಬೇಕಾದದ್ದು ಗೆಣ್ಣಿನ ಮೇಲೆ, ಅದಕ್ಕೆ ಅಂಟಿದಂತೆ. ಕಾಲು ಅಂಗುಲಕ್ಕಿಂತ ಹೆಚ್ಚು ಮೊಂಡು ಉಳಿಯಬಾರದು. ಗೆಣ್ಣಿನೊಳಗೆ ಅಡ್ಡಲಾಗಿ ಗಟ್ಟಿ ಪದರ ಇರುವುದರಿಂದ ನೀರು ನಿಲ್ಲಲು ಬಟ್ಟಲೇ ಇರುವುದಿಲ್ಲ. ಸ್ವಲ್ಪ ಓರೆಯಾಗಿ ಕತ್ತರಿಸಿದರೆ ಮಳೆಹನಿ ಜಾರಿಹೋಗುತ್ತದೆ. ಗಾಳಿಗೆ ಮುರಿದ ದಂಟಿಗೂ ಇದೇ ಚಿಕಿತ್ಸೆ. ಮುರಿದ ಮಧ್ಯಭಾಗವನ್ನು ಹಾಗೇ ಬಿಡದೆ ಅಂದೇ ಕೆಳಗಿನ ಗೆಣ್ಣಿಗೆ ಇಳಿಸಿಬಿಡಿ. ಹೂ ಕೊಯ್ಯುವಾಗ ತಲೆಯನ್ನಷ್ಟೇ ಮುರಿದುಕೊಂಡು ತೊಟ್ಟು ಬಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಪೂಜೆಗೆ ಹೂ ಬಿಡಿಸುವ ರೂಢಿಯೇ ಹಾಗೆ. ಡೇರೆಗೆ ಅದು ಆಗುವುದಿಲ್ಲ, ಉಳಿದ ತೊಟ್ಟು ಮೊದಲು ಒಣಗಿ ಆಮೇಲೆ ಕೊಳೆತು ಕೆಳಗಿನ ಟಿಸಿಲನ್ನೂ ಕೆಡಿಸುತ್ತದೆ.

ಬ್ಲೇಡು ಹರಿತವಾಗಿರಲಿ. ಮೊಂಡು ಕತ್ತರಿ ಟೊಳ್ಳು ದಂಟನ್ನು ಜಜ್ಜುತ್ತದೆ, ಜಜ್ಜಿದ್ದು ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಕಾಫಿ, ಕಿತ್ತಳೆ ಗಿಡಕ್ಕೆ ಬಳಸಿದ ಸಿಕೇಚರನ್ನೇ ತರುವುದಾದರೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗಲೂ ಒರೆಸಿ.

ಕಕ್ಕಡದ ಲೆಕ್ಕ

ಡೇರೆಯ ಪಂಚಾಂಗವನ್ನು ಇಲ್ಲಿನ ಮಳೆಯೇ ಬರೆಯುತ್ತದೆ. ಏಪ್ರಿಲ್-ಮೇ ತಿಂಗಳ ಮಳೆಗೆ ಗೆಡ್ಡೆ ಮೊಳೆಯುತ್ತದೆ. ಜೂನ್ ಮೊದಲ ವಾರದೊಳಗೆ, ಮುಂಗಾರು ಹಿಡಿಯುವ ಮುನ್ನ, ಮೊದಲ ಚಿವುಟು ಮುಗಿದಿರಬೇಕು. ಹಾಗಾದರೆ ಮಳೆ ಜೋರಾಗುವ ಹೊತ್ತಿಗೆ ಟಿಸಿಲುಗಳು ಗೇಣುದ್ದ ಬಂದಿರುತ್ತವೆ. ಆಗ ದೊಡ್ಡ ಹೂವಿನ ಗಿಡಗಳಲ್ಲಿ ಆ ಟಿಸಿಲುಗಳ ತುದಿಯನ್ನೂ ಎರಡು ಜೋಡಿ ಎಲೆ ಬಿಟ್ಟು ಚಿವುಟುವುದು ಒಳ್ಳೆಯದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ, ಕೊಡಗಿನಲ್ಲಿ ಕಕ್ಕಡ ಎನ್ನುವ ತಿಂಗಳಲ್ಲಿ ಅರಳುವ ದೊಡ್ಡ ಹೂವಿಗೆ ಬದುಕಿಲ್ಲ. ನೀರು ಕುಡಿದು ತಲೆ ಬಗ್ಗುತ್ತದೆ, ಹಿಂಬದಿಯ ಎಸಳು ಕೊಳೆಯುತ್ತದೆ, ಮೂರನೆಯ ದಿನಕ್ಕೆ ಬೂದು ಬೂಷ್ಟು ಹಿಡಿಯುತ್ತದೆ. ಆ ತಿಂಗಳಲ್ಲಿ ಕಂಡ ಮೊಗ್ಗನ್ನೆಲ್ಲ ತೆಗೆದು ಗಿಡದ ಶಕ್ತಿಯನ್ನು ಬೇರಿಗೂ ದಂಟಿಗೂ ಉಳಿಸುವುದೇ ಲೇಸು. ಮಳೆಯಲ್ಲೂ ಬಣ್ಣ ಬೇಕೆನ್ನುವವರಿಗೆ ಪಾಂಪನ್ ಮತ್ತು ಚೆಂಡಿನಾಕಾರದ ಜಾತಿಗಳಿವೆ. ಅವುಗಳ ಎಸಳು ಒಳಸುತ್ತಿ ಒತ್ತಾಗಿ ಕೂರುವುದರಿಂದ ನೀರು ನಿಲ್ಲುವುದು ಕಡಿಮೆ. ಕುಶಾಲನಗರದ ಕಡೆ ಮಳೆ ಕಡಿಮೆಯಾದ್ದರಿಂದ ಈ ಎರಡನೆಯ ಚಿವುಟು ಬೇಕೇಬೇಕೆಂದಿಲ್ಲ. ಭಾಗಮಂಡಲ, ಶಾಂತಳ್ಳಿಯಂಥ ಕಡೆ ಅದಿಲ್ಲದೆ ಆಗುವುದಿಲ್ಲ.

ಕಕ್ಕಡ ಮುಗಿದ ಮೇಲೆ ಗಿಡ ನೋಡಿದರೆ ಸೊರಗಿರುತ್ತದೆ. ಕೆಳಗಿನ ಎಲೆ ಹಳದಿ, ಕೆಲವು ರೆಂಬೆ ಬಾಗಿ ಬರಿದು. ಕಿತ್ತುಹಾಕುವ ಯೋಚನೆ ಬರುವುದು ಆಗಲೇ. ಆದರೆ ಡೇರೆಗೆ ಒಂದು ದೊಡ್ಡ ಕಪಾತು ಕೊಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಸೆಪ್ಟೆಂಬರ್ 3ರ ಕೈಲ್ ಮುಹೂರ್ತದ ಆಸುಪಾಸಿನಲ್ಲಿ, ಪ್ರತಿ ರೆಂಬೆಯನ್ನೂ ಅದು ಹೊರಟ ಜಾಗದಿಂದ ಎರಡು ಜೋಡಿ ಆರೋಗ್ಯವಂತ ಎಲೆ ಉಳಿಸಿ ಗೆಣ್ಣಿನ ಮೇಲೆ ಕತ್ತರಿಸಿ. ಎಲೆಯೇ ಇಲ್ಲದಂತೆ ಬೋಳಿಸಬೇಡಿ, ಎಲೆಯಿಲ್ಲದ ಗಿಡ ಗೆಡ್ಡೆಯಲ್ಲಿದ್ದುದನ್ನು ತಿಂದು ಸೋಲುತ್ತದೆ. ಬುಡಕ್ಕೆ ಎರಡು ಹಿಡಿ ಕಳಿತ ಹಟ್ಟಿಗೊಬ್ಬರ, ಒಲೆಯ ಬೂದಿ ಒಂದು ಹಿಡಿ, ಮೇಲೆ ಸ್ವಲ್ಪ ಮಣ್ಣು. ಯೂರಿಯಾ ಬೇಡ. ಸಾರಜನಕ ಹೆಚ್ಚಾದರೆ ದಂಟು ಉಬ್ಬಿ ಟೊಳ್ಳು ಇನ್ನಷ್ಟು ಅಗಲವಾಗುತ್ತದೆ, ಗೆಡ್ಡೆಯೂ ಬಾಳುವುದಿಲ್ಲ. ಕತ್ತರಿಸಿದಲ್ಲಿಂದ ಹೊಸ ಹೂವಿಗೆ ಸಣ್ಣ ಮತ್ತು ಮಧ್ಯಮ ಜಾತಿಗಳು ಸುಮಾರು ಆರೇಳು ವಾರ ತೆಗೆದುಕೊಳ್ಳುತ್ತವೆ. ಅಕ್ಟೋಬರ್ 17ರ ಹೊತ್ತಿನ ಕಾವೇರಿ ತೀರ್ಥೋದ್ಭವಕ್ಕೆ ಅಂಗಳದಲ್ಲಿ ಹೂ ಇರಬೇಕಾದರೆ ಲೆಕ್ಕ ಸರಿಯಾಗಿ ಕೂರುತ್ತದೆ. ದೊಡ್ಡ ಹೂವಿನವು ಇನ್ನೂ ನಿಧಾನ. ಅವುಗಳಿಗೆ ಎರಡು ವಾರ ಮುಂಚೆ, ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ನೋಡಿ ಕತ್ತರಿ ಹಾಕಬೇಕು.

ಈ ಎರಡನೆಯ ಬೆಳವಣಿಗೆಗೆ ಆಧಾರವನ್ನೂ ಹೊಸದಾಗಿ ಕಟ್ಟಬೇಕು. ನಡುವಿನ ಕೋಲು ಗೆಡ್ಡೆ ನೆಡುವಾಗಲೇ ಊರಿದ್ದಾಗಿರಬೇಕು, ಆಮೇಲೆ ಊರಿದರೆ ಗೆಡ್ಡೆಗೆ ಚುಚ್ಚುತ್ತದೆ. ಹಳೆ ಪಂಚೆಯ ಪಟ್ಟಿಯನ್ನು ಕೋಲಿಗೂ ದಂಟಿಗೂ ನಡುವೆ ಒಂದು ಸುತ್ತು ತಿರುಚಿ, ಎರಡು ಎತ್ತರದಲ್ಲಿ ಸಡಿಲವಾಗಿ ಕಟ್ಟಿ. ಒಂದೇ ಬಿಗಿಗಂಟು ದಂಟನ್ನು ಮುರಿಯುವ ಜಾಗವಾಗುತ್ತದೆ.

ಮೂರು ಮೊಗ್ಗಿನಲ್ಲಿ ಒಂದು

ರೆಂಬೆಯ ತುದಿಯಲ್ಲಿ ಡೇರೆ ಸಾಮಾನ್ಯವಾಗಿ ಮೂರು ಮೊಗ್ಗು ಬಿಡುತ್ತದೆ. ನಡುವೆ ಒಂದು ದೊಡ್ಡದು, ಅಕ್ಕಪಕ್ಕ ಎರಡು ಚಿಕ್ಕವು. ಮೂರನ್ನೂ ಬಿಟ್ಟರೆ ತೊಟ್ಟು ಗಿಡ್ಡವಾಗಿ ಹೂಗಳು ಒಂದಕ್ಕೊಂದು ಒತ್ತಿಕೊಂಡು ಅರಳುತ್ತವೆ. ಪಕ್ಕದವು ಬಟಾಣಿ ಕಾಳಿನಷ್ಟಾದಾಗ ಉಗುರಿನಿಂದ ಪಕ್ಕಕ್ಕೆ ಒತ್ತಿದರೆ ಉದುರುತ್ತವೆ. ಅದಕ್ಕಿಂತ ಚಿಕ್ಕದಿರುವಾಗ ನಡುವಿನ ಮೊಗ್ಗಿಗೇ ಉಗುರು ತಾಗುವ ಅಪಾಯವಿದೆ. ನಡುವಿನದನ್ನು ಹುಳು ತಿಂದಿದ್ದರೆ ಅದನ್ನು ತೆಗೆದು ಪಕ್ಕದ್ದೊಂದನ್ನು ಉಳಿಸಿಕೊಂಡರಾಯಿತು. ಅದರ ಕೆಳಗಿನ ಒಂದೆರಡು ಜೋಡಿ ಎಲೆಯ ಕಂಕುಳಲ್ಲಿ ಬರುವ ಟಿಸಿಲನ್ನೂ ತೆಗೆದರೆ ಉದ್ದ ತೊಟ್ಟಿನ, ತುಂಬಿದ ಹೂ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ರೆಂಬೆಯ ಬುಡದ ಎರಡು ಜೋಡಿ ಕಂಕುಳನ್ನು ಮುಟ್ಟಬಾರದು, ಮುಂದಿನ ಸುತ್ತಿನ ಹೂ ಬರುವುದು ಅಲ್ಲಿಂದ. ಪ್ರದರ್ಶನಕ್ಕೆಂದು ಬೆಳೆಸುವ ಉತ್ಸಾಹದಲ್ಲಿ ಎಲ್ಲವನ್ನೂ ಬೋಳಿಸಿದ ಗಿಡ ಒಂದು ಭಾರಿ ಹೂ ಕೊಟ್ಟು ಸುಮ್ಮನಾಗುತ್ತದೆ. ಪಾಂಪನ್ನಿಗೆ ಈ ಮೊಗ್ಗು ಕೀಳುವ ಕೆಲಸವೇ ಬೇಡ.

ಬಾಡಿದ ಹೂವನ್ನು ತೆಗೆಯುವಾಗ ಮೊಗ್ಗನ್ನೇ ಕತ್ತರಿಸಿಬಿಡುವ ತಪ್ಪು ಬಹಳ ಕಡೆ ನಡೆಯುತ್ತದೆ. ಎಸಳು ಉದುರಿದ ಮೇಲೆ ಎರಡೂ ಹಸಿರು ಗಂಟೇ. ಮೊಗ್ಗು ದುಂಡಗೆ, ತುದಿ ಚಪ್ಪಟೆಯಾಗಿ, ಒತ್ತಿದರೆ ಗಟ್ಟಿಯಾಗಿರುತ್ತದೆ. ಮುಗಿದ ಹೂ ತುದಿ ಚೂಪಾಗಿ ನೀಳವಾಗಿರುತ್ತದೆ, ಮೆತ್ತಗಿರುತ್ತದೆ, ಮಳೆಗಾಲದಲ್ಲಿ ಹಿಸುಕಿದರೆ ಕಂದು ನೀರು ಬರುತ್ತದೆ. ಅನುಮಾನವಿದ್ದರೆ ಹಿಸುಕಿ ನೋಡಿ. ಒದ್ದೆ ಎಸಳು ಕೆಳಗಿನ ಎಲೆಗೆ ಅಂಟಿದಲ್ಲೆಲ್ಲ ಬೂಷ್ಟು ಶುರುವಾಗುವುದರಿಂದ ಎಸಳು ಉದುರುವ ತನಕ ಕಾಯದೆ, ಹಿಂಬದಿಯ ಎಸಳು ಬಾಡಿದ ಕೂಡಲೇ ಕೆಳಗಿನ ಟಿಸಿಲಿರುವ ಗೆಣ್ಣಿನವರೆಗೆ ತೆಗೆಯಿರಿ.

ಮನೆಯೊಳಗೆ ಇಡಲು ಕೊಯ್ಯುವುದಾದರೆ ಬೆಳಗಿನ ಹೊತ್ತಿನಲ್ಲಿ, ಮುಕ್ಕಾಲು ಪಾಲಿಗಿಂತ ಹೆಚ್ಚು ಅರಳಿದ್ದನ್ನು ಕೊಯ್ಯಿರಿ. ಮೊಗ್ಗಾಗಿ ಕೊಯ್ದ ಡೇರೆ ಹೂದಾನಿಯಲ್ಲಿ ಅರಳುವುದಿಲ್ಲ. ತೊಟ್ಟಿನ ಬುಡವನ್ನು ಎರಡು ಮೂರು ಅಂಗುಲ ಮುಳುಗುವಷ್ಟು ಬಿಸಿನೀರಿನಲ್ಲಿ, ಕುದಿಯುವುದಲ್ಲ, 70 ಡಿಗ್ರಿ ಆಸುಪಾಸಿನದು, ಅದು ತಣ್ಣಗಾಗುವ ತನಕ ನಿಲ್ಲಿಸಿ ಆಮೇಲೆ ತಣ್ಣೀರಿಗೆ ಬದಲಿಸಿದರೆ ಹೆಚ್ಚು ದಿನ ನಿಲ್ಲುತ್ತದೆ ಎಂದು ಬೆಳೆಗಾರರು ಹೇಳುತ್ತಾರೆ. ಉದ್ದ ತೊಟ್ಟು ಕೊಯ್ದರೆ ಇನ್ನೆರಡು ಮೊಗ್ಗು ಹೋಗುತ್ತದಲ್ಲ ಎಂಬ ಸಂಕಟ ಬೇಡ. ಆಳಕ್ಕೆ ಕೊಯ್ದಷ್ಟೂ ಮುಂದೆ ಬರುವ ತೊಟ್ಟು ಉದ್ದ, ಗಟ್ಟಿ.

ಬುಡದ ಎಲೆ, ಕೊನೆಯ ಕತ್ತರಿ

ಮಳೆ ಬಿಟ್ಟು ಬೆಳಗಿನ ಮಂಜು ಶುರುವಾದಾಗ ಬೂದಿ ರೋಗ ಬರುತ್ತದೆ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಗಾಳಿಯಾಡದ ಬುಡದೆಲೆಗಳಲ್ಲಿ. ಗಿಡ ಸೊಂಟದೆತ್ತರ ಬಂದ ಮೇಲೆ ನೆಲದಿಂದ ಒಂದು ಗೇಣಿನಷ್ಟು ಎತ್ತರದ ಎಲೆಗಳನ್ನು, ಒಂದೇ ದಿನವಲ್ಲ, ವಾರಕ್ಕೆ ಒಂದೆರಡು ಜೋಡಿಯಂತೆ ತೆಗೆದುಬಿಟ್ಟರೆ ರೋಗವೂ ಸಿಂಬಳದ ಹುಳುವೂ ಕಡಿಮೆಯಾಗುತ್ತವೆ. ಕೊಡಗಿನ ಸುಗ್ಗಿ ಹಬ್ಬವಾದ ನವೆಂಬರ್-ಡಿಸೆಂಬರ್‌ನ ಹುತ್ತರಿಯ ಹೊತ್ತಿಗೆ ಹಗಲು ಹನ್ನೆರಡು ಗಂಟೆಗಿಂತ ಕಡಿಮೆಯಾಗಿ ಗಿಡ ಹೂವನ್ನು ಕೈಬಿಟ್ಟು ಗೆಡ್ಡೆಯ ಕಡೆ ತಿರುಗಿರುತ್ತದೆ. ಆಮೇಲೆ ಚಿವುಟಿ ಹೂ ಬರಿಸಲು ಹೋಗಬಾರದು. ಎಲೆ ತಾನಾಗಿ ಹಳದಿಯಾಗುವವರೆಗೆ ಬಿಡಿ. ನಂತರ ಬುಡದಿಂದ ನಾಲ್ಕೈದು ಅಂಗುಲ ಉಳಿಸಿ, ಇಲ್ಲಿಯೂ ಗೆಣ್ಣು ನೋಡಿಯೇ, ಕತ್ತರಿಸಿ. ಒಂದು ವಾರ ಬಿಟ್ಟು ಗೆಡ್ಡೆ ತೆಗೆದರೆ ತಲೆಯ ಹತ್ತಿರ ಕಣ್ಣುಗಳು ಉಬ್ಬಿ ಕಾಣುತ್ತವೆ, ಪಾಲು ಮಾಡುವುದು ಸುಲಭ. ಪ್ರತಿ ಪಾಲಿನಲ್ಲೂ ದಂಟಿನ ಬುಡದ ಚೂರು ಮತ್ತು ಒಂದು ಕಣ್ಣು ಇರಲೇಬೇಕು. ಕತ್ತು ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ. ನೆರಳಲ್ಲಿ ಎರಡು ಮೂರು ದಿನ ಆರಿಸಿ, ಒಣ ಮರಳಿನಲ್ಲಿ ಮುಚ್ಚಿ ಅಟ್ಟದ ಮೇಲಿಡಿ.

ಗೆಡ್ಡೆ ತೆಗೆಯುವ ಮುಂಚೆ, ಗಿಡದಲ್ಲಿ ಎಲೆ ಇರುವಾಗಲೇ ಒಂದು ಸುತ್ತು ನೋಡಿ ಗುರುತು ಮಾಡಬೇಕು. ಎಲೆಯ ನರಗಳ ಗುಂಟ ಹಳದಿ ಪಟ್ಟೆ, ಮುದುಡಿದ ಎಲೆ, ಎಷ್ಟು ಚಿವುಟಿ ಗೊಬ್ಬರ ಕೊಟ್ಟರೂ ಗಿಡ್ಡವಾಗಿಯೇ ಉಳಿದು ಪೊದೆಯಾದ ಗಿಡ. ಇದು ಹೆಚ್ಚಾಗಿ ಡೇರೆಯ ಮೊಸಾಯಿಕ್ ವೈರಸ್. ಗಿಡಹೇನು ಅದನ್ನು ಹರಡುತ್ತದೆ, ಒಮ್ಮೆ ಬಂದರೆ ಗೆಡ್ಡೆಯಲ್ಲೂ ಕುಡಿಯಲ್ಲೂ ಇರುತ್ತದೆ, ಔಷಧಿ ಇಲ್ಲ. ಬಣ್ಣ ಎಷ್ಟೇ ಚಂದವಿದ್ದರೂ ಆ ಗಿಡವನ್ನು ಗೆಡ್ಡೆ ಸಮೇತ ಕಿತ್ತು ಸುಡಬೇಕು. ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ. ನಮ್ಮಲ್ಲಿ ಡೇರೆ ಅಂಗಡಿಯಿಂದ ಬಂದದ್ದಕ್ಕಿಂತ ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಹೋದದ್ದೇ ಹೆಚ್ಚು. ಕೇಳಿದವರಿಗೆ ಕೊಡುವ ಗೆಡ್ಡೆ ಎಲೆ ಚೊಕ್ಕಟವಾಗಿದ್ದ ಗಿಡದ್ದೇ ಆಗಿರಲಿ, ಕೊಡುವಾಗ ಮೂರನೆಯ ಜೋಡಿ ಎಲೆಗೆ ಕುಡಿ ಚಿವುಟಬೇಕು ಎನ್ನುವ ಮಾತನ್ನೂ ಜೊತೆಗೆ ಹೇಳಿ ಕಳಿಸಿ.